ವಾಲ್ಡೆಮಾರ್ ಪೌಲ್ಸೆನ್

ಕಳೆದ ವರ್ಷ ನಮ್ಮ ಗ್ರಂಥಾಲಯದಲ್ಲಿ ಈ ವಾರ್ಷಿಕ ಸಂಚಿಕೆಯ ಹಳೆಯ ಪುಟಗಳಿಗೆಲ್ಲ ಛಾಯಾಚಿತ್ರ ತೆಗೆದಿರಿಸುವ ಕಾರ್ಯ ನಡೆಯಿತು. ಆ ಚಿತ್ರರಾಶಿಯನ್ನು ಹಾರ್ಡ್ ಡಿಸ್ಕಿನಲ್ಲಿ ಇಡಬೇಕೋ, ಎಸ್‌ಎಸ್‌ಡಿಯಲ್ಲಿ ಇಡಬೇಕೋ ಎಂದು ದೊಡ್ಡ ಚರ್ಚೆಯೇ ಎದ್ದಿತು. ಆ ಚರ್ಚೆಯ ಬೇರನ್ನು ಹುಡುಕುತ್ತ ಹೋದವನಿಗೆ ದೊರೆತವನು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್. ರೇಡಿಯೋ ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಚಿರಪರಿಚಿತ. ಹಾರ್ಡ್ ಡಿಸ್ಕಿನೊಡನೆ ಇದನ್ನು ಜೋಡಿಸಿ ಹೇಳುವವರು ಮಾತ್ರ ವಿರಳ.

ಪೌಲ್ಸೆನ್ ೧೮೬೯ನೆಯ ನವೆಂಬರ್ ೨೩ರಂದು ಕೋಪನ್‌ಹೇಗನ್ ನಗರದಲ್ಲಿ ಜನಿಸಿದನು. ತಂದೆ ನ್ಯಾಯಾಧೀಶ. ಮಗನಿಗೋ ಭೌತ ರಸಾಯನ ಶಾಸ್ತ್ರಗಳಲ್ಲಿ ಒಲವು. ಆ ನಗರದ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನ ವ್ಯಾಸಂಗ ಮಾಡಿ, ಅಲ್ಲಿಯ ಟೆಲಿಫೋನ್ ಕಂಪೆನಿಯ ತಾಂತ್ರಿಕ ವಿಭಾಗವನ್ನು ಸೇರಿದನು. ಅಲ್ಲಿ ಅವನನ್ನು ಕಾಡಿದ ಪ್ರಶ್ನೆ ಬಹು ಸರಳವಾದುದು: ಮನೆಯಲ್ಲಿ ಯಾರೂ ಇಲ್ಲದಾಗ ಟೆಲಿಫೋನಿನಲ್ಲಿ ಬಂದ ಮಾತನ್ನು ಹಿಡಿದಿಡುವುದು ಹೇಗೆ?

ಎಡಿಸನ್ನನ ಫೋನೋಗ್ರಾಫ್ ಆಗಲೇ ಇತ್ತು. ಆದರೆ ಅದು ಮೇಣವನ್ನು ಕೊರೆದು ಬರೆಯುವ ಯಂತ್ರ. ಪೌಲ್ಸೆನ್ ಕೊರೆಯುವ ಗೋಜಿಗೇ ಹೋಗಲಿಲ್ಲ. ಉಕ್ಕಿನ ತಂತಿಯೊಂದನ್ನು ಎಳೆದು ಕಟ್ಟಿ, ಮಾತನಾಡುತ್ತಲೇ ಅದರ ಉದ್ದಕ್ಕೂ ಚಿಕ್ಕ ವಿದ್ಯುತ್ಕಾಂತವೊಂದನ್ನು ಸರಿಸಿದನು. ದನಿಯ ಏರಿಳಿತದಂತೆ ವಿದ್ಯುತ್ತು ಏರಿಳಿಯಿತು. ಅದರಂತೆ ತಂತಿಯ ಒಂದೊಂದು ಬಿಂದುವಿನಲ್ಲಿಯೂ ಹೆಚ್ಚುಕಡಿಮೆ ಕಾಂತತ್ವ ನೆಲೆಸಿತು. ಕಾಂತವನ್ನು ಮತ್ತೆ ಅದೇ ವೇಗದಲ್ಲಿ ಸರಿಸಿದಾಗ ಕಿವಿಗೊಳವೆಯಲ್ಲಿ ಅದೇ ಮಾತು ಕೇಳಿಸಿತು! ಬೇಡವಾದಾಗ ಅಳಿಸಬಹುದು, ಅದೇ ತಂತಿಯ ಮೇಲೆ ಪುನಃ ಬರೆಯಬಹುದು. ೧೮೯೮ರ ಡಿಸೆಂಬರ್ ೧ರಂದು ಈ ಟೆಲಿಗ್ರಾಫೋನಿಗೆ ಡೆನ್ಮಾರ್ಕಿನಲ್ಲಿ ಹಕ್ಕುಪತ್ರ ಕೋರಿದನು. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ.

ಅಮೆರಿಕದಲ್ಲಿ ೧೯೦೦ರಲ್ಲಿ ದೊರೆತ ಹಕ್ಕುಪತ್ರವನ್ನು ಓದಿದರೆ ಆಶ್ಚರ್ಯವಾಗುತ್ತದೆ. ಉರುಳೆಗೆ ಸುತ್ತಿದ ತಂತಿಯೊಂದನ್ನೇ ಅವನು ಹೇಳಿ ಬಿಟ್ಟಿಲ್ಲ. ಅದರ ಬದಲು ಬಿಲ್ಲೆಯನ್ನು ಬಳಸಿ ಕಾಂತವನ್ನು ಸುರುಳಿಯಾಗಿ ಓಡಿಸಬಹುದು, ಕಾಗದದ ಮೇಲೆ ಲೋಹದ ಪುಡಿಯನ್ನು ಲೇಪಿಸಿಯೂ ಬರೆಯಬಹುದು ಎಂದು ಸೂಚಿಸಿದ್ದಾನೆ. ಮುಂದೆ ಬಂದ ಟೇಪೂ ಹಾರ್ಡ್ ಡಿಸ್ಕೂ ಈ ಒಂದೆರಡು ಸಾಲುಗಳಲ್ಲಿಯೇ ಅಡಗಿದ್ದವು.

ಅದೇ ವರ್ಷ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಯಂತ್ರಕ್ಕೆ ಮೊದಲ ಬಹುಮಾನ ಬಂದಿತು. ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫನು ಅದರ ಮುಂದೆ ಮಾತನಾಡಿದನು. ಆ ತಂತಿ ಉಳಿದುಬಂದಿದೆ. ಆ ದನಿಯನ್ನು ಇಂದಿಗೂ ಕೇಳಬಹುದು.

ಕೀರ್ತಿಯೇನೋ ಬಂದಿತು, ಹಣ ಬರಲಿಲ್ಲ. ದನಿಯನ್ನು ಹಿಗ್ಗಿಸುವ ಉಪಕರಣ ಆಗ ಇರಲಿಲ್ಲವಾಗಿ ಮಾತು ತೀರ ಕ್ಷೀಣವಾಗಿ ಕೇಳುತ್ತಿತ್ತು. ೧೯೦೩ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಟೆಲಿಗ್ರಾಫೋನ್ ಕಂಪೆನಿ ಕೆಲವೇ ವರ್ಷಗಳಲ್ಲಿ ಸೊರಗಿತು. ಅಷ್ಟರಲ್ಲಿ ಪೌಲ್ಸೆನ್ ಬೇರೆ ದಾರಿ ಹಿಡಿದಿದ್ದನು. ಇಂಗ್ಲೆಂಡಿನ ಡಡೆಲ್ ಎಂಬವನ ಹಾಡುವ ವಿದ್ಯುತ್ ಚಾಪವನ್ನು ಜಲಜನಕದ ನಡುವೆ, ಬಲವಾದ ಕಾಂತಕ್ಷೇತ್ರದಲ್ಲಿ ಉರಿಸಿ, ಎಡೆಬಿಡದ ರೇಡಿಯೋ ಅಲೆಗಳನ್ನು ಹೊರಡಿಸಿದನು. ಅಮೆರಿಕದ ನೌಕಾಪಡೆಯೂ ಪೌಲ್ಸೆನ್ ಚಾಪವನ್ನು ಬಳಸಿತು. ಹೆಸರು ತಂದ ಈ ಚಾಪವನ್ನು ೧೯೨೦ರ ದಶಕದಲ್ಲಿ ನಿರ್ವಾತ ಕವಾಟಗಳು ಮೂಲೆಗೆ ತಳ್ಳಿದವು. ಸೋತ ತಂತಿಯೇ ವಂಶವನ್ನು ಬೆಳೆಸಿತು.

೧೯೨೮ರಲ್ಲಿ ಜರ್ಮನಿಯ ಫ್ಲಾಯ್‌ಮರ್ ಕಾಗದದ ಟೇಪಿಗೆ ಲೋಹಲೇಪ ಕೊಟ್ಟನು. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಎರಡಡಿ ಅಗಲದ ೫೦ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ ೫೦ ಲಕ್ಷ ಅಕ್ಷರಗಳನ್ನು ಹಿಡಿಸಿದರು. ಇಂದು ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ೨೦ ಟೆರಾಬೈಟಿಗೂ ಮಿಗಿಲಾಗಿ ಹಿಡಿಯುತ್ತದೆ. ತತ್ತ್ವ ಮಾತ್ರ ಪೌಲ್ಸೆನ್ನನದೇ.

ಎಸ್‌ಎಸ್‌ಡಿಯ ಜಾತಿಯೇ ಬೇರೆ. ಅಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಸಣ್ಣ ಸಣ್ಣ ಕೋಶಗಳಲ್ಲಿ ವಿದ್ಯುದಾವೇಶವನ್ನು ಕೂಡಿಡುತ್ತಾರೆ. ವೇಗದಲ್ಲಿ ಹಾರ್ಡ್ ಡಿಸ್ಕು ಅದರ ಸಮಕ್ಕೆ ಬಾರದು. ಕೈಜಾರಿ ಬಿದ್ದರೂ ಎಸ್‌ಎಸ್‌ಡಿಗೆ ಅಷ್ಟು ಭಯವಿಲ್ಲ. ಆದರೆ ಒಂದೊಂದು ಟೆರಾಬೈಟಿಗೆ ತೆರಬೇಕಾದ ಬೆಲೆ ಹೆಚ್ಚು. ವಿದ್ಯುತ್ತಿನ ಸಂಪರ್ಕವಿಲ್ಲದೆ ಬೀರುವಿನಲ್ಲಿ ಬಹುಕಾಲ ಇಟ್ಟರೆ ಆವೇಶ ಮೆಲ್ಲಗೆ ಸೋರಿಹೋಗುವ ಸಂಭವವೂ ಉಂಟು. ದಿನವೂ ತೆರೆದು ಕೆಲಸಮಾಡುವ ಕಂಪ್ಯೂಟರಿಗೆ ಅದೇ ಮೇಲು. ವರ್ಷಕ್ಕೊಮ್ಮೆ ತೆರೆದು ನೋಡುವ ರಾಶಿಗೆ ಹಾರ್ಡ್ ಡಿಸ್ಕೇ ಸಾಕು ಎಂಬುದು ನನ್ನ ಮತ. ಆದರೆ ಅದರ ಮೋಟಾರೂ ಒಂದು ದಿನ ಕೆಡುವುದೇ. ಒಂದನ್ನೇ ನಂಬಿ ಕೂರುವಂತಿಲ್ಲ.

ಪೌಲ್ಸೆನ್ ೧೯೪೨ರ ಜುಲೈನಲ್ಲಿ, ತಾಯ್ನಾಡು ಜರ್ಮನರ ವಶದಲ್ಲಿದ್ದಾಗ ತೀರಿಕೊಂಡನು. ಆ ವೇಳೆಗೆ ಜರ್ಮನಿಯ ಬಾನುಲಿ ಕೇಂದ್ರಗಳಲ್ಲಿ ಕಾಂತಲೇಪದ ಟೇಪು ಓಡುತ್ತಿತ್ತು. ನಮ್ಮ ಗ್ರಂಥಾಲಯಕ್ಕೆ ಕೊನೆಗೆ ಎರಡು ಹಾರ್ಡ್ ಡಿಸ್ಕುಗಳು ಬಂದವು. ಒಂದು ಗ್ರಂಥಪಾಲಕರ ಬೀರುವಿನಲ್ಲಿದೆ, ಇನ್ನೊಂದು ಪ್ರಾಂಶುಪಾಲರ ಕೊಠಡಿಯಲ್ಲಿದೆ.