ಭಾಭಾ ಮತ್ತು ಬೆಂಗಳೂರಿನ ಮೇಲೆ ಹಾರಿದ ಸೇನಾ ವಿಮಾನ

ಹೋಮಿ ಭಾಭಾ ಅಂದ್ರೆ ನಮಗೆಲ್ಲ ನೆನಪಾಗೋದು ಅಣುಶಕ್ತಿ. ಆದ್ರೆ ಅವರೂ ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವರು, ಅದೂ ಮನೆಯವರ ಆಸೆಗೆ!

1909ರಲ್ಲಿ ಮುಂಬೈಯಲ್ಲಿ ಹುಟ್ಟಿದ ಭಾಭಾ, 1927ರಲ್ಲಿ ಮೆಕ್ಯಾನಿಕಲ್ ಓದೋಕೆ ಕೇಂಬ್ರಿಡ್ಜ್‌ಗೆ ಹೋದರು. ಮಗ ವಾಪಸ್ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅನ್ನೋದು ಅಪ್ಪನ ಲೆಕ್ಕ. ಆದ್ರೆ ಮಗನ ಮನಸ್ಸೆಲ್ಲ ಭೌತಶಾಸ್ತ್ರದಲ್ಲಿ. ಮೊದಲು ಇಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತಗೋ, ಆಮೇಲೆ ನೋಡೋಣ ಅಂದರು ಅಪ್ಪ. 1930ರಲ್ಲಿ ಫಸ್ಟ್ ಕ್ಲಾಸ್ ಬಂತು, ದಾರಿ ತೆರೆಯಿತು. 1937ರಲ್ಲಿ ಹೈಟ್ಲರ್ ಜೊತೆ ಅವರು ಕೊಟ್ಟ ಕಾಸ್ಮಿಕ್ ಕಿರಣಗಳ ಸಿದ್ಧಾಂತ ಜಗತ್ತಿಗೇ ಗೊತ್ತಾಯಿತು.

1939ರಲ್ಲಿ ರಜೆಗೆ ಭಾರತಕ್ಕೆ ಬಂದಿದ್ದಾಗ ಯುದ್ಧ ಶುರುವಾಯಿತು. ವಾಪಸ್ ಹೋಗೋ ಹಾಗಿರಲಿಲ್ಲ. ಆಗ ಅವರು ಸೇರಿದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್. ಕೆಂಪಾಪುರದಿಂದ ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್ ಕಡೆ ಹೋದರೆ ಸಿಗುತ್ತಲ್ಲ, ಅದೇ. ಅಲ್ಲಿ ಸಿ.ವಿ. ರಾಮನ್ ಭೌತಶಾಸ್ತ್ರ ವಿಭಾಗದಲ್ಲಿದ್ದರು. ಭಾಭಾ ಕಾಸ್ಮಿಕ್ ಕಿರಣಗಳ ಸಂಶೋಧನಾ ಘಟಕ ಕಟ್ಟಿದರು.

ಒಂದು ತೊಂದರೆ ಇತ್ತು. ಬಾಹ್ಯಾಕಾಶದಿಂದ ಬರುವ ಕಣಗಳು ಗಾಳಿಗೆ ಡಿಕ್ಕಿ ಹೊಡೆದು ಹೊಸ ಕಣಗಳನ್ನು ಹುಟ್ಟಿಸುತ್ತವೆ. ಕೆಳಗೆ ಬರುವಷ್ಟರಲ್ಲಿ ಹೆಚ್ಚಿನವು ಕಳೆದುಹೋಗಿರುತ್ತವೆ. ಅಳೀಬೇಕು ಅಂದ್ರೆ ಮೇಲಕ್ಕೇ ಹೋಗಬೇಕು. ಅಂಥ ವಿಮಾನ ಇನ್‌ಸ್ಟಿಟ್ಯೂಟ್ ಹತ್ತಿರ ಎಲ್ಲಿತ್ತು? ಆದ್ರೆ ಯುದ್ಧದಿಂದಾಗಿ ಬೆಂಗಳೂರಲ್ಲಿ ಅಮೆರಿಕದ ಸೇನಾ ವಿಮಾನಗಳಿದ್ದವು. 1943ರಿಂದ ಅವುಗಳ ರಿಪೇರಿ ಎಚ್‌ಎಎಲ್‌ನಲ್ಲೇ ನಡೀತಿತ್ತು. ಭಾಭಾ ತಂಡ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಉಪಕರಣ ಇಟ್ಟು 30,000 ಅಡಿವರೆಗೆ ಅಳತೆ ಮಾಡಿತು. ಅಷ್ಟು ಎತ್ತರದಲ್ಲಿ ವಾತಾವರಣದ ಸುಮಾರು 70% ಗಾಳಿ ಕೆಳಗೇ ಉಳಿದಿರುತ್ತೆ.

ಉಪಕರಣ ಸರಳ. ಗೈಗರ್ ಕೌಂಟರ್‌ಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಸೀಸ ಇಡೋದು. ಎಲ್ಲ ಕೌಂಟರ್‌ಗಳೂ ಒಟ್ಟಿಗೇ ಸಿಗ್ನಲ್ ಕೊಟ್ಟರೆ, ಸೀಸವನ್ನೂ ತೂರಿ ಬಂದ ಕಣ ಅಂತ ಲೆಕ್ಕ. ಬೆಂಗಳೂರು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ ಇರೋದರಿಂದ ಕಡಿಮೆ ಶಕ್ತಿಯ ಕಣಗಳನ್ನು ಭೂಮಿಯ ಕಾಂತಕ್ಷೇತ್ರವೇ ತಡೆಯುತ್ತೆ. ಹಾಗಾಗಿ ಉತ್ತರದ ದೇಶಗಳ ಅಳತೆ ಜೊತೆ ಹೋಲಿಸೋಕೆ ಇಲ್ಲಿನ ಅಳತೆ ಬೇಕೇ ಬೇಕಿತ್ತು. ಫಲಿತಾಂಶ 1945ರಲ್ಲಿ ಫಿಸಿಕಲ್ ರಿವ್ಯೂನಲ್ಲಿ ಬಂತು.

ಅದೇ ವರ್ಷ ಟಿಐಎಫ್‌ಆರ್ ಶುರುವಾಗಿದ್ದೂ ಬೆಂಗಳೂರಲ್ಲೇ, ಆಮೇಲೆ ಮುಂಬೈಗೆ ಹೋಯ್ತು. 1966ರ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತದಲ್ಲಿ ಏರ್ ಇಂಡಿಯಾ ವಿಮಾನ ಅಪಘಾತಕ್ಕೀಡಾಗಿ ಭಾಭಾ ತೀರಿಕೊಂಡರು. ವಯಸ್ಸು ಬರೀ 56.

ಬೇಡದ ಬ್ರಾಂಚ್ ಸಿಕ್ಕಿತು, ಲ್ಯಾಬ್‌ನಲ್ಲಿ ಏನೂ ಇಲ್ಲ ಅಂತ ನಾವೆಲ್ಲ ಕ್ಯಾಂಟೀನ್‌ನಲ್ಲಿ ಗೊಣಗ್ತೀವಿ. ಭಾಭಾಗೆ ಬೇಡದ ಬ್ರಾಂಚೂ ಇತ್ತು, ಇಲ್ಲದ ವಿಮಾನವೂ ಇತ್ತು. ಮೊದಲನೇದನ್ನು ಚೆನ್ನಾಗಿ ಓದಿ ಮುಗಿಸಿದರು, ಎರಡನೇದನ್ನು ಸೇನೆಯವರ ಹತ್ತಿರ ಕೇಳಿ ಪಡೆದರು.