ಅಲುಗದ ಪೀಠದ ಸಾಧಕ: ಆಲ್ಬರ್ಟ್ ಮೈಕೆಲ್ಸನ್

ಅಳತೆ ಸೂಕ್ಷ್ಮವಾದಂತೆಲ್ಲ ಅಳೆಯುವ ಉಪಕರಣದ ಸ್ಥೈರ್ಯವೂ ಹೆಚ್ಚಬೇಕು. ಈ ಸತ್ಯವನ್ನು ತಮ್ಮ ಜೀವಿತದ ಸಾಧನೆಯಿಂದಲೇ ತೋರಿಸಿಕೊಟ್ಟ ವಿಜ್ಞಾನಿವರ್ಯರು ಆಲ್ಬರ್ಟ್ ಅಬ್ರಹಾಂ ಮೈಕೆಲ್ಸನ್ನರು.

ಅವರು 1852ರ ಡಿಸೆಂಬರ್ 19ರಂದು ಅಂದಿನ ಪ್ರಷ್ಯಾದ ಸ್ಟ್ರೆಲ್ನೋ ಎಂಬ ಊರಿನಲ್ಲಿ ಜನಿಸಿದರು. ಅವರ ಶೈಶವದಲ್ಲಿಯೇ ಕುಟುಂಬವು ಅಮೆರಿಕೆಗೆ ವಲಸೆ ಹೋಯಿತು. ಅನ್ನಾಪೊಲಿಸ್ಸಿನ ನೌಕಾ ಅಕಾಡೆಮಿಯಲ್ಲಿ 1873ರಲ್ಲಿ ವ್ಯಾಸಂಗ ಮುಗಿಸಿದ ಅವರು ಮುಂದೆ ಅಲ್ಲಿಯೇ ಅಧ್ಯಾಪಕರಾದರು; 1879ರಲ್ಲಿ ಬೆಳಕಿನ ವೇಗವನ್ನು ಅಳೆದು ಕೀರ್ತಿಗೆ ಪಾತ್ರರಾದರು.

ಬೆಳಕಿನ ಅಲೆಗಳನ್ನು ಹೊತ್ತು ಸಾಗಿಸುವ ‘ಈಥರ್’ ಎಂಬ ದ್ರವ್ಯವು ವಿಶ್ವವನ್ನೆಲ್ಲ ತುಂಬಿದೆಯೆಂದು ಅಂದಿನ ವಿದ್ವಾಂಸರು ನಂಬಿದ್ದರು. ಅದರೊಳಗೆ ಭೂಮಿ ಚಲಿಸುವುದನ್ನು ಕಂಡುಹಿಡಿಯಲು ಮೈಕೆಲ್ಸನ್ನರು ಒಂದು ಉಪಕರಣವನ್ನು ಯೋಜಿಸಿದರು. ಟೆಲಿಫೋನಿನ ಜನಕ ಗ್ರಹಾಂ ಬೆಲ್ಲರ ಧನಸಹಾಯದಿಂದ ಅದು ಬರ್ಲಿನ್ನಿನಲ್ಲಿ ಸಿದ್ಧವಾಯಿತು. ಒಂದೇ ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಕನ್ನಡಿಗಳಿಂದ ಮರಳಿಸಿ ಕೂಡಿಸಿದಾಗ ಕಪ್ಪು-ಬಿಳುಪು ಪಟ್ಟೆಗಳು ಮೂಡುವುವು. ಕನ್ನಡಿಯೊಂದು ಮಿಲಿಮೀಟರಿನ ಸುಮಾರು ಮೂರು ಸಾವಿರದಲ್ಲೊಂದು ಪಾಲು ಸರಿದರೂ ಒಂದು ಪಟ್ಟೆ ಇನ್ನೊಂದರ ಸ್ಥಾನಕ್ಕೆ ಬಂದುಬಿಡುವುದು.

ಈ ಸೂಕ್ಷ್ಮತೆಯೇ ಮೊದಲು ಶತ್ರುವಾಯಿತು. ನಗರದ ಕಂಪನಗಳಿಂದ ಹಗಲಿನಲ್ಲಿ ಕೆಲಸ ಅಸಾಧ್ಯವಾಯಿತು. ಮಧ್ಯರಾತ್ರಿ ಕಳೆದ ಮೇಲೂ ಪಟ್ಟೆಗಳು ಆಗಾಗ ಮಾತ್ರ ನಿಂತು ತೋರಿದವು. 1881ರಲ್ಲಿ ಉಪಕರಣವನ್ನು ಪ್ರಶಾಂತವಾದ ಪಾಟ್ಸ್‌ಡ್ಯಾಮ್ ವೀಕ್ಷಣಾಲಯಕ್ಕೆ ಸಾಗಿಸಿದರು. ಅಲ್ಲಿಯೂ ನೂರು ಮೀಟರು ದೂರದಲ್ಲಿ ಯಾರಾದರೂ ನೆಲಕ್ಕೆ ಕಾಲು ಅಪ್ಪಳಿಸಿದರೆ ಪಟ್ಟೆಗಳು ಮಾಯವಾಗುತ್ತಿದ್ದವು. ನಿರೀಕ್ಷಿಸಿದ ಫಲವೂ ಕಾಣಲಿಲ್ಲ.

ಮೈಕೆಲ್ಸನ್ನರು ಎದೆಗುಂದಲಿಲ್ಲ. 1887ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಎಡ್ವರ್ಡ್ ಮಾರ್ಲಿಯವರೊಡಗೂಡಿ ಕನ್ನಡಿಗಳನ್ನು ಒಂದೂವರೆ ಮೀಟರು ಚಚ್ಚೌಕದ, 30 ಸೆಂಟಿಮೀಟರು ದಪ್ಪದ ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಿದರು. ಆ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಬಿಟ್ಟರು. ಸುಮಾರು ಆರು ನಿಮಿಷಕ್ಕೊಂದು ಸುತ್ತಿನಂತೆ ಅದು ನಿಲ್ಲದೆ, ಕುಲುಕದೆ ತಿರುಗುತ್ತಿರಲು, ಅವರು ಜೊತೆಯಲ್ಲಿ ನಡೆಯುತ್ತಲೇ ಪಟ್ಟೆಗಳನ್ನು ವೀಕ್ಷಿಸಿದರು. ಕಂಡ ಪಲ್ಲಟವು ನಿರೀಕ್ಷಿಸಿದುದರ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಮೆ. ಪೀಠವು ಅಲುಗಾಡಿದ್ದರೆ ಈ ಶೂನ್ಯಫಲವನ್ನು ಯಾರೂ ನಂಬುತ್ತಿರಲಿಲ್ಲ. ಅಲುಗದುದರಿಂದ ಈಥರಿನ ಕಲ್ಪನೆಯೇ ಅಲುಗಿತು. ತಾವು ಹುಡುಕಿದ್ದು ದೊರೆಯಲಿಲ್ಲವೆಂಬ ನಿರಾಶೆ ಅವರನ್ನು ಬಾಧಿಸಿದರೂ, ನಿಖರವಾದ ದೃಗುಪಕರಣಗಳಿಗಾಗಿ 1907ರಲ್ಲಿ ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂದಿತು. 1931ರ ಮೇ 9ರಂದು ಪಸಡೀನದಲ್ಲಿ ಅವರು ಕಾಲವಶರಾದರು.

ಪಾಟ್ಸ್‌ಡ್ಯಾಮ್ ಪ್ರಯೋಗ ನಡೆದು ನೂರು ವರ್ಷಗಳಾದಾಗ, 1981ರಲ್ಲಿ, ಜ್ಯೂರಿಕ್ಕಿನಲ್ಲಿ ಬಿನ್ನಿಗ್ ಮತ್ತು ರೋರರ್ ಎಂಬ ವಿಜ್ಞಾನಿಗಳು ಒಂದೊಂದೇ ಪರಮಾಣುವಿನ ಎತ್ತರವನ್ನು ಸವರಿ ನೋಡುವ ಸೂಕ್ಷ್ಮದರ್ಶಕವನ್ನು ರಚಿಸುತ್ತಿದ್ದರು. ಕಂಪನವೇ ಅವರಿಗೂ ಅಡ್ಡಿಯಾಯಿತು. ಮೊದಲ ಉಪಕರಣವನ್ನು ಅವರು ಅಯಸ್ಕಾಂತಗಳ ಬಲದಿಂದ ಅಂತರದಲ್ಲಿ ತೇಲಿಸಿದರು. ಬಳಿಕ ಸ್ಪ್ರಿಂಗುಗಳಿಂದ ತೂಗಬಿಟ್ಟರು. ಸೂಕ್ಷ್ಮದರ್ಶಕದಡಿಯ ವಸ್ತುವನ್ನು ಕೂದಲೆಳೆಗಿಂತ ಸಹಸ್ರಪಾಲು ಕಿರಿದಾಗಿ ಸರಿಸುವ ಪೀಠಗಳ ಚಲನೆಯನ್ನು ಅಳೆಯಲು ಮೈಕೆಲ್ಸನ್ನರ ಸೀಳುಕಿರಣದ ವಿಧಾನವೇ ಇಂದಿಗೂ ನೆರವಾಗುತ್ತಿದೆ.

ಸತ್ಯವನ್ನು ಕಾಣಬಯಸುವವರು ಮೊದಲು ತಾವು ನಿಂತ ನೆಲವನ್ನು ಸ್ಥಿರಗೊಳಿಸಿಕೊಳ್ಳಬೇಕೆಂಬುದೇ ಈ ಮಹನೀಯರ ಬಾಳು ಕಲಿಸುವ ಪಾಠ.