ದಿವಾನ್ ಪೂರ್ಣಯ್ಯ: ಯುದ್ಧ ಮತ್ತು ಬೊಕ್ಕಸ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಚರಿತ್ರೆಯನ್ನು ಸೋದೆ ಹಾಗೂ ಬಿಳಗಿ ಅರಸರ ಪತನದವರೆಗೆ ಬರೆದು, ಅಲ್ಲಿಂದ ನೇರವಾಗಿ ಕಂಪನಿ ಸರ್ಕಾರಕ್ಕೆ ದಾಟಿಬಿಡುವುದುಂಟು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಅದರ ಬೆನ್ನಿಗೇ ಸೋದೆಯನ್ನೂ ವಶಪಡಿಸಿಕೊಂಡನು. 1799ರವರೆಗೆ ಈ ಸೀಮೆಯ ಕಂದಾಯವು ಮೈಸೂರಿನ ಬೊಕ್ಕಸಕ್ಕೆ ಸಲ್ಲುತ್ತಿತ್ತು. ಆ ಬೊಕ್ಕಸವನ್ನು ಬಹುಕಾಲ ನಿರ್ವಹಿಸಿದ ಪೂರ್ಣಯ್ಯನವರ ಜೀವನವು ಈ ಕಾರಣದಿಂದ ನಮಗೂ ಪ್ರಸ್ತುತವಾಗಿದೆ.

ಕೊಯಮತ್ತೂರು ಸೀಮೆಯ ಮಾಧ್ವ ಬ್ರಾಹ್ಮಣ ಮನೆತನದವರಾದ ಅವರು ಮೊದಲು ವರ್ತಕರಲ್ಲಿ ಲೆಕ್ಕ ಬರೆಯುತ್ತಿದ್ದು, ಅನಂತರ ಹೈದರನ ಸೇವೆಗೆ ಸೇರಿದರು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಶಿಬಿರದಲ್ಲಿ ಹೈದರನು ಮೃತನಾದಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದನು. ಒಡೆಯನಿಲ್ಲದ ಸೈನ್ಯ ಚದುರುವ ಭಯವಿತ್ತು. ಪೂರ್ಣಯ್ಯನವರೂ ಸಹೋದ್ಯೋಗಿ ಕೃಷ್ಣರಾಯರೂ ಮರಣವನ್ನು ಗುಟ್ಟಾಗಿಟ್ಟು, ದೇಹವನ್ನು ಪೆಟ್ಟಿಗೆಯಲ್ಲಿರಿಸಿ ಖಜಾನೆಯ ಸಾಗಾಟವೆಂಬಂತೆ ಕೋಲಾರಕ್ಕೆ ಕಳುಹಿಸಿದರು. ಇದೇ ಕೃಷ್ಣರಾಯರು 1791ರಲ್ಲಿ ದ್ರೋಹದ ಶಂಕೆಯಿಂದ ಟಿಪ್ಪುವಿನ ಆಜ್ಞೆಯಂತೆ ಹತರಾದರು. ಪೂರ್ಣಯ್ಯನವರು ಉಳಿದರು.

ಮರುವರ್ಷದ ಒಪ್ಪಂದದಲ್ಲಿ ರಾಜ್ಯದ ಅರ್ಧ ಕೈತಪ್ಪಿತಲ್ಲದೆ 3 ಕೋಟಿ 30 ಲಕ್ಷ ರೂಪಾಯಿಗಳ ದಂಡವೂ ಬಿದ್ದಿತು. ಕನ್ನಡ ಜಿಲ್ಲೆ ಮತ್ತು ಸೋದೆ ಮಾತ್ರ ಟಿಪ್ಪುವಿನಲ್ಲೇ ಉಳಿದುದರಿಂದ, ಕುಗ್ಗಿದ ರಾಜ್ಯಕ್ಕೆ ಅಡಕೆ, ಮೆಣಸುಗಳ ಈ ಮಲೆನಾಡಿನ ಹುಟ್ಟುವಳಿ ಮೊದಲಿಗಿಂತ ಅಮೂಲ್ಯವಾಗಿದ್ದಿರಬೇಕು.

1799ರ ಮೇ 4ರಂದು ಟಿಪ್ಪು ಮಡಿದನು. ಪೂರ್ಣಯ್ಯನವರು ಬೇಗನೆ ಪಕ್ಷ ಬದಲಿಸಿದರೆಂಬ ಆಕ್ಷೇಪವಿದೆ. ಆದರೆ ಟಿಪ್ಪುವಿನ ಹಿರಿಯ ಮಗ ಫತೇ ಹೈದರನಿಗೇ ಪಟ್ಟ ಕಟ್ಟಬೇಕೆಂದು ಅವರು ಮೊದಲು ಸೂಚಿಸಿದ್ದನ್ನು ಗಮನಿಸಿದರೆ ಈ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. ಕಂಪನಿಯು ಆ ಸಲಹೆಯನ್ನು ಒಪ್ಪದೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಿ ಪೂರ್ಣಯ್ಯನವರನ್ನೇ ದಿವಾನರನ್ನಾಗಿ ನಿಯಮಿಸಿತು. ಕರಾವಳಿಯೂ ಸೋದೆಯೂ ಕಂಪನಿಗೆ ಸೇರಿದವು. ಹೀಗೆ ಬಂದರುಗಳಿಲ್ಲದ ರಾಜ್ಯವು ವರ್ಷಕ್ಕೆ 7 ಲಕ್ಷ ವರಹ, ಅಂದರೆ ಅಂದಾಜು ಹುಟ್ಟುವಳಿಯ ಸುಮಾರು ಅರ್ಧಭಾಗವನ್ನು, ಪರರ ಸೈನ್ಯದ ವೆಚ್ಚಕ್ಕಾಗಿ ತೆರಬೇಕಾಯಿತು. ಇದರ ಮೇಲೆ 1800ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿದ ವೆಲ್ಲೆಸ್ಲಿಗೆ ನೆರವು. 1803ರ ಮರಾಠಾ ಯುದ್ಧಕ್ಕೆ ಕುದುರೆಪಡೆ. 1807ರಲ್ಲಿ 4000 ಸವಾರರನ್ನು ಸದಾ ಸಿದ್ಧವಿಡುವ ಕರಾರೂ ಆಯಿತು. ಇಷ್ಟಾಗಿಯೂ ಅಧಿಕಾರ ಬಿಡುವಾಗ ಬೊಕ್ಕಸದಲ್ಲಿ ಸುಮಾರು 2 ಕೋಟಿ ರೂಪಾಯಿ ಉಳಿಸಿದ್ದರೆಂದು ಹೇಳಲಾಗುತ್ತದೆ. ಈ ಉಳಿತಾಯವನ್ನು ದಕ್ಷತೆಯೆಂದು ಹೊಗಳುವವರು, ಅದು ರೈತನ ಕಣಜದಿಂದಲೇ ಬಂದ ಹಣವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

1811ರಲ್ಲಿ ಅವರು ಆಡಳಿತವನ್ನು ಅರಸರಿಗೆ ಒಪ್ಪಿಸಿದರು. ಯಳಂದೂರು ಅವರಿಗೆ ಜಹಗೀರಾಗಿ ದೊರೆತಿತ್ತು. 1812ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು.